ಬಾಗಿಲ ಮೇಲಿನ ಸೀಮೆಸುಣ್ಣ

ಮ್ಯೂನಿಕ್, 8 ಜನವರಿ 2026

ಪ್ರೀತಿಯ ಗೆಳೆಯಾ,

ಕ್ರಿಸ್‌ಮಸ್ ಮುಗಿದು ಇಷ್ಟು ದಿನವಾಯ್ತು, ಮತ್ತೆ ಇದೇನು ರಜೆ ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ಮಗು ಅಳುತ್ತಿತ್ತು, ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಕಾಗದ.

ಜನವರಿ 6 ಮೂರು ರಾಜರ ಹಬ್ಬ. ಜರ್ಮನಿಯಲ್ಲಿ ಎಲ್ಲ ಕಡೆ ರಜೆ ಇಲ್ಲ, ನಮ್ಮ ಬವೇರಿಯಾ ಸೇರಿ ಮೂರು ರಾಜ್ಯಗಳಲ್ಲಿ ಮಾತ್ರ. ನಕ್ಷತ್ರ ನೋಡಿಕೊಂಡು ದೂರದಿಂದ ಬಂದವರು ಬಾಲಯೇಸುವನ್ನು ಕಂಡ ದಿನ ಇದು. ಅವರು ಚಿನ್ನ, ಧೂಪ, ರಕ್ತಬೋಳ ಅನ್ನುವ ಸುಗಂಧದ ಅಂಟು ತಂದಿದ್ದರು. ಆದರೆ ಬೈಬಲ್ಲಿನ ಮತ್ತಾಯನ ಸುವಾರ್ತೆ ಓದಿ ನೋಡು, ಅಲ್ಲಿ ಮೂರು ಜನ ಅಂತಲೂ ಇಲ್ಲ, ರಾಜರು ಅಂತಲೂ ಇಲ್ಲ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಅವರು ಮೂಡಣ ದೇಶದ ಜೋಯಿಸರು! ಕಾಣಿಕೆ ಮೂರು ಅಂತ ಜನವೂ ಮೂರಾದರು, ಆಮೇಲೆ ಕಿರೀಟ ಬಂತು, ಹೆಸರೂ ಬಂತು: ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್. ಅವರವು ಅಂತ ನಂಬುವ ಮೂಳೆಗಳನ್ನು 1164ರಲ್ಲಿ ಇಟಲಿಯ ಮಿಲಾನಿನಿಂದ ಜರ್ಮನಿಯ ಕಲೋನ್‌ಗೆ ತಂದರು. ಅಲ್ಲಿನ ಕೆಥೆಡ್ರಲ್ಲಿನಲ್ಲಿ ಚಿನ್ನದ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ನನಗೆ ಈ ಹಬ್ಬ ಗೊತ್ತಾಗಿದ್ದು ಬಾಗಿಲಿನಿಂದ. 2024ರಲ್ಲಿ ಈ ಮನೆಗೆ ಬಂದಾಗ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ‘20*ಸಿ+ಎಂ+ಬಿ+24’ ಅಂತಿತ್ತು. ಯಾರೋ ಮಕ್ಕಳು ಗೀಚಿದ್ದಾರೆ ಅಂದುಕೊಂಡು ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ. ಎದುರುಮನೆಯ ಅಜ್ಜಿ ಓಡಿ ಬಂದು ಕೈ ಹಿಡಿದರು. ಈ ಮೂರು ಅಕ್ಷರ ಲ್ಯಾಟಿನ್ನಿನ ಒಂದು ಹರಕೆಯ ಮೊದಲಕ್ಷರಗಳಂತೆ, ‘ಕ್ರಿಸ್ತನು ಈ ಮನೆಯನ್ನು ಹರಸಲಿ’ ಅಂತ. ರಾಜರ ಹೆಸರಿನ ಮೊದಲಕ್ಷರಗಳೂ ಅವೇ ಅನ್ನುತ್ತಾರೆ. ಹಿಂದಿದ್ದವರಿಗೆ ಸಿಕ್ಕ ಆಶೀರ್ವಾದ ನಮಗೂ ಉಳಿದಿತ್ತು.

ಈ ಸಲ ಅದನ್ನು ಬರೆಯಲು ರಾಜರ ವೇಷದಲ್ಲಿ ನಾಲ್ಕು ಮಕ್ಕಳು ಬಂದರು. ಚಳಿಗೆ ಮೂಗು ಕೆಂಪಗಾಗಿತ್ತು. ತಲೆಗೆ ಬಂಗಾರದ ಬಣ್ಣದ ಕಾಗದದ ಕಿರೀಟ, ಜಾಕೆಟ್ ಮೇಲೆ ಉದ್ದ ನಿಲುವಂಗಿ. ಒಬ್ಬಳ ಕೈಯಲ್ಲಿ ಕೋಲಿಗೆ ಕಟ್ಟಿದ ನಕ್ಷತ್ರ, ಇನ್ನೊಬ್ಬನ ಕೈಯಲ್ಲಿ ಹುಂಡಿ. ಬೇರೆ ಬೇರೆ ದೇಶಗಳ ಬಡಮಕ್ಕಳಿಗಾಗಿ ಇಲ್ಲಿನ ಮಕ್ಕಳು 1959ರಿಂದ ದೇಶದ ತುಂಬ ಹೀಗೆ ಹಾಡುತ್ತಾ ದುಡ್ಡು ಕೂಡಿಸುತ್ತಿದ್ದಾರೆ. ಬರೆಯುವ ಹುಡುಗನಿಗೆ ಚೌಕಟ್ಟು ಎಟುಕಲಿಲ್ಲ. ಅಡುಗೆಮನೆಯ ಸ್ಟೂಲ್ ತಂದುಕೊಟ್ಟೆ. ಅವನು ಎಲ್ಲ ಒರೆಸಲಿಲ್ಲ. ಕೈಗವಸಿನಲ್ಲಿ ಹೋದ ವರ್ಷ ಬರೆದಿದ್ದ 25ರ ಕೊನೆಯ 5 ಅನ್ನು ಮಾತ್ರ ಉಜ್ಜಿ, ನಾಲಿಗೆ ಕಚ್ಚಿಕೊಂಡು 6 ಬರೆದ. ಸುಣ್ಣದ ಪುಡಿ ಅವನ ಕಿರೀಟದ ಮೇಲೆ ಉದುರಿತು. ನಾಲ್ಕನೆಯವಳ ಧೂಪಪಾತ್ರೆಯ ಹೊಗೆ ಒಳಗೆ ಬಂತು. ನಮ್ಮ ಸಾಂಬ್ರಾಣಿ ಅಲ್ಲ, ಆದರೂ ಎಣ್ಣೆಸ್ನಾನ ಮಾಡಿಸಿ ಅಮ್ಮ ಮಗುವಿಗೆ ಹಿಡಿಯುತ್ತಿದ್ದ ಹೊಗೆ ನೆನಪಾಗಿ ಗಂಟಲು ಕಟ್ಟಿತು ಮಾರಾಯ.

ನಮ್ಮ ಅಂಟಿಗೆ ಪಂಟಿಗೆ ನೆನಪಿದೆ ಅಲ್ವಾ? ದೀಪಾವಳಿ ರಾತ್ರಿ ದೀಪ ಆರದ ಹಾಗೆ ಕಾಪಾಡಿಕೊಂಡು, ಪದ ಹೇಳುತ್ತಾ ಮನೆಮನೆಗೆ ಬರುತ್ತಿದ್ದರು. ನಿನ್ನಜ್ಜಿ ಆ ದೀಪಕ್ಕೆ ಎಣ್ಣೆ ಎರೆಯುತ್ತಿದ್ದರು. ಅದೇ ಥರ ಇದು. ಅಲ್ಲಿ ದೀಪ, ಇಲ್ಲಿ ನಕ್ಷತ್ರ.

ಎಷ್ಟೋ ಚಿತ್ರಗಳಲ್ಲಿ ಜೋಯಿಸರು ಕೊಟ್ಟಿಗೆಯಲ್ಲಿ ನಿಂತಿರುತ್ತಾರೆ. ಆದರೆ ಮತ್ತಾಯ ಹೇಳುವುದು, ಅವರು ಮನೆಯೊಳಕ್ಕೆ ಹೋಗಿ ಮಗುವನ್ನು ಕಂಡರು ಅಂತ. ಆ ಊರಿನವರಲ್ಲ, ಆ ಧರ್ಮದವರೂ ಅಲ್ಲ. ಆದರೂ ಒಳಗೆ ಬಿಟ್ಟುಕೊಂಡರು. ನನಗೆ ಇಡೀ ಕತೆಯಲ್ಲಿ ತುಂಬ ಇಷ್ಟವಾಗುವುದು ಇದೇ. ‘ನಾವು ಕ್ರೈಸ್ತರಲ್ಲ, ಬರೆಯಬಹುದಾ?’ ಅಂತ ಮೊದಲ ವರ್ಷ ನಾನು ಕೇಳಿದ್ದೆ. ನಕ್ಷತ್ರ ಹಿಡಿದವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಇದು ಮನೆ ಅಲ್ವಾ?’ ಅಂದಳು.

ಈ ದೀಪಾವಳಿಗೆ ಊರಿಗೆ ಬರುತ್ತೇವೆ. ಅಂಟಿಗೆ ಪಂಟಿಗೆಯವರು ಎಷ್ಟು ಹೊತ್ತಿಗೆ ಬಂದರೂ ಸರಿ, ಮಗುವನ್ನು ಎಬ್ಬಿಸಬೇಕು. ಎಣ್ಣೆ ತೆಗೆದಿಡಲು ನಿನ್ನಮ್ಮನಿಗೆ ಹೇಳು.

ಇಂತಿ ನಿನ್ನ ಗೆಳೆಯ