‘ಜಾಲತಾಣದ ಚಿತ್ರ’ ಎಂದರೆ ಸಾಲದು

ಮಾನ್ಯರೇ,

ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಹೊತ್ತಿಕೊಂಡ ಅಂತರ್ಯುದ್ಧದ ಚಿತ್ರಗಳು ಕನ್ನಡ ಪತ್ರಿಕೆಗಳಲ್ಲೂ ಬರುತ್ತಿವೆ. ಕೆಳಗೆ ‘ಚಿತ್ರ: ಸಾಮಾಜಿಕ ಜಾಲತಾಣ’ ಎಂದಷ್ಟೇ ಇರುತ್ತದೆ. ಹೊರಗಿನ ವರದಿಗಾರರು ಕಾಲಿಡಲಾಗದ ಊರುಗಳಲ್ಲಿ ಅವನ್ನು ತೆಗೆದವರು ಅಲ್ಲಿನ ಸಾಮಾನ್ಯ ಜನ. ಆ ಚಿತ್ರ ಯಾವ ಊರಿನದು, ಯಾವ ದಿನದ್ದು, ಪರಿಶೀಲನೆ ಆಗಿದೆಯೇ ಎಂಬ ಒಂದು ಸಾಲನ್ನಾದರೂ ಕೊಡಬೇಕು.

ಊರು, ದಿನ ಗೊತ್ತಾಗುವಂತೆ ಚಿತ್ರೀಕರಿಸುವುದೇ ಒಂದು ಕಸುಬು. ಸಿರಿಯಾದಲ್ಲಿ 2011ರಿಂದಲೇ ನಾಗರಿಕ ವರದಿಗಾರರು ವಿಡಿಯೋ ಶುರುವಾಗುತ್ತಿದ್ದಂತೆ ದಿನಾಂಕವನ್ನೂ ಬಡಾವಣೆಯ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಿದ್ದರು, ಇಲ್ಲವೇ ಚೀಟಿಯಲ್ಲಿ ಬರೆದು ಕ್ಯಾಮೆರಾದೆದುರು ಹಿಡಿಯುತ್ತಿದ್ದರು. ಫೋನನ್ನು ಅಡ್ಡ ಹಿಡಿದು, ಒಂದೊಂದು ದಿಕ್ಕಿಗೂ ಹತ್ತು ಸೆಕೆಂಡಾದರೂ ಅಲುಗಿಸದೆ ನಿಲ್ಲಿಸಬೇಕು. ಮಸೀದಿಯ ಮಿನಾರು, ನೀರಿನ ಟ್ಯಾಂಕು, ಅಂಗಡಿಯ ಬೋರ್ಡು ಚೌಕಟ್ಟಿನೊಳಗೆ ಬಂದರೆ ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡಬಹುದು. ನೆರಳಿನ ದಿಕ್ಕು, ಉದ್ದದಿಂದ ಹೊತ್ತನ್ನು ಅಂದಾಜಿಸಬಹುದು. ಗಾಬರಿಯಲ್ಲಿ ಬರೀ ಹೊಗೆಯನ್ನು ಜೂಮ್ ಮಾಡಿ ತೆಗೆದರೆ ಅದು ಯಾವ ಊರಿನ ಹೊಗೆಯೂ ಆಗಬಹುದು. ಹಳೆಯ ವಿಡಿಯೋಗಳು ಹೊಸ ಯುದ್ಧದ ಹೆಸರಲ್ಲಿ ಓಡಾಡುವುದೂ ಹೆಚ್ಚಾಗಿ ಇಂಥ ದೃಶ್ಯಗಳಿಂದಲೇ.

ಇನ್ನು ಫೈಲಿನ ವಿಚಾರ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ಹೊತ್ತು ಮತ್ತು ಜಾಗದ ಮಾಹಿತಿ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಉಳಿಯುತ್ತದೆ. ಆದರೆ ಅದೇ ಜಿಪಿಎಸ್ ಗುರುತು ತಪ್ಪು ಕೈಗೆ ಸಿಕ್ಕರೆ ಚಿತ್ರ ತೆಗೆದವರ ಮನೆಬಾಗಿಲಿಗೇ ದಾರಿ ತೋರಿಸುತ್ತದೆ. ಆದ್ದರಿಂದ ತಿಳಿದವರು ಮೂಲವನ್ನು ಮುಟ್ಟದೆ ಎರಡು ಕಡೆ ಜೋಪಾನ ಮಾಡಿ, ಪ್ರಕಟಣೆಗೆ ಕೊಡುವ ಪ್ರತಿಯಿಂದ ಮಾತ್ರ ಗುರುತು ಅಳಿಸುತ್ತಾರೆ. ಎಲ್ಲಕ್ಕಿಂತ ಅಪಾಯ ನೇರಪ್ರಸಾರ. ಷೆಲ್ ಎಲ್ಲಿ ಬಿತ್ತೆಂದು ಆ ಕ್ಷಣವೇ ತೋರಿಸಿದರೆ ಹೊಡೆದವರು ಗುರಿ ತಿದ್ದಿಕೊಳ್ಳುತ್ತಾರೆ. ಸಿರಿಯಾದ ಹೋಮ್ಸ್ ನಗರದ ಬಾಬಾ ಅಮ್ರ್ ಬಡಾವಣೆಯಿಂದ ದಾಳಿಯ ನೇರ ದೃಶ್ಯ ಕೊಡುತ್ತಿದ್ದ ರಾಮಿ ಅಲ್ ಸಯ್ಯದ್ 2012ರ ಫೆಬ್ರವರಿಯಲ್ಲಿ ಷೆಲ್ ದಾಳಿಗೆ ಬಲಿಯಾದರು. ಅದೇ ವಾರ ಅದೇ ಬಡಾವಣೆಯಲ್ಲಿ ಹೆಸರಾಂತ ವರದಿಗಾರ್ತಿ ಮೇರಿ ಕೊಲ್ವಿನ್ ಕೂಡ ಸತ್ತರು.

ಇಂಥ ಚಿತ್ರಗಳು ಒಂದು ದಿನದ ಸುದ್ದಿಯಾಗಿ ಮುಗಿಯುವುದಿಲ್ಲ. 2017ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಕೊಲೆಗಳ ಆರೋಪ ಹೊತ್ತ ಲಿಬಿಯಾದ ಸೇನಾ ಕಮಾಂಡರ್ ಮಹಮೂದ್ ಅಲ್ ವೆರ್ಫಲ್ಲಿಯ ಬಂಧನಕ್ಕೆ ವಾರಂಟ್ ಹೊರಡಿಸಿದಾಗ ಆಧಾರವಾಗಿದ್ದುದರಲ್ಲಿ ಜಾಲತಾಣದ ವಿಡಿಯೋಗಳೇ ಮುಖ್ಯ. ಅದೇ ವರ್ಷ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ ಸಿರಿಯಾದ ಸಾವಿರಾರು ವಿಡಿಯೋಗಳನ್ನು ಕಿತ್ತುಹಾಕಿತು. ಹಲವು ವಿಡಿಯೋಗಳು ಆಮೇಲೆ ಮರಳಿ ಬಂದರೂ, ಬೇರೆ ಪ್ರತಿ ಇಟ್ಟುಕೊಳ್ಳದವರ ಸಾಕ್ಷ್ಯ ಕಳೆದುಹೋಗುವ ಅಪಾಯವಿತ್ತು.

ಕೊಡಗಿನವರಿಗೆ ಇದು ದೂರದ ಮಾತಲ್ಲ. ಸೇನೆಯ ನಂಟಿಲ್ಲದ ಕುಟುಂಬ ಇಲ್ಲಿ ಅಪರೂಪ. ಜನರಲ್ ತಿಮ್ಮಯ್ಯನವರು ಕೊನೆಯುಸಿರೆಳೆದದ್ದೂ 1965ರಲ್ಲಿ, ಒಡೆದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಮಹಡಿ ಮನೆಯೊಂದು ಇಳಿಜಾರಿನಲ್ಲಿ ಜಾರಿ ಬಿದ್ದ ವಿಡಿಯೋ ದೇಶವಿಡೀ ಸುತ್ತಿದಾಗ, ಪರವೂರಿನಲ್ಲಿದ್ದ ನಮ್ಮವರು ಮೊದಲು ಕೇಳಿದ್ದು ‘ಎಲ್ಲಿ? ಯಾವಾಗ?’ ಎಂದೇ. ಸುಡಾನಿನಿಂದ ಓಡಿಬಂದು ಪರದೇಶದಲ್ಲಿ ಕೂತು ಫೋನ್ ನೋಡುವವರೂ ಅದನ್ನೇ ಕೇಳುತ್ತಾರೆ.

ಆದ್ದರಿಂದ ಚಿತ್ರದಡಿ ‘ಸ್ಥಳ ಖಚಿತ, ದಿನ ಖಚಿತವಾಗಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಗಾಯಾಳುಗಳ, ಮಕ್ಕಳ ಮುಖ ಮಸುಕು ಮಾಡಿ. ಚಿತ್ರ ತೆಗೆದವರ ಹೆಸರನ್ನು ಅವರ ಒಪ್ಪಿಗೆ ಸಿಗುವವರೆಗೆ ಹಾಕಬೇಡಿ.

– ಒಬ್ಬ ಓದುಗ, ವಿರಾಜಪೇಟೆ, ಕೊಡಗು