ಎದುರಿಗೆ ಯಾರು ನಿಂತಿದ್ದಾರೆ?

ಪ್ರೀತಿಯ ತಮ್ಮ,

ನಿನ್ನ ಅನುವಾದದ ಹಸ್ತಪ್ರತಿ ಓದಿದೆ. ಕಥೆಯ ಓಟ ಚೆನ್ನಾಗಿದೆ, ಸಂಭಾಷಣೆಯೂ ಹದವಾಗಿದೆ. ಆದರೆ ಮೂರನೆಯ ಪುಟದಲ್ಲೇ ನಾಯಕ ‘ಹಗುರ ನೀಲಿ ಅಂಗಿ’ ತೊಟ್ಟು ಬಂದುಬಿಟ್ಟ. ಅಂಗಿಯ ತೂಕವನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಇಂಗ್ಲಿಷಿನ ‘ಲೈಟ್’ ಎದುರು ‘ಹೆವಿ’ ನಿಂತರೆ ಅದು ಹಗುರ, ‘ಡಾರ್ಕ್’ ನಿಂತರೆ ತಿಳಿ. ನೀನು ಬರೆಯಬೇಕಾಗಿದ್ದದ್ದು ತಿಳಿನೀಲಿ. ‘ಹಾರ್ಡ್’ ಕೂಡ ಹಾಗೆಯೇ: ‘ಸಾಫ್ಟ್’ ಎದುರಿಗಿದ್ದರೆ ಗಟ್ಟಿ, ‘ಈಝಿ’ ಎದುರಿಗಿದ್ದರೆ ಕಷ್ಟ. ಮಾತು ನೀರಿನದ್ದಾದರೆ ಗಡಸು.

ನಗಬೇಡ, ನಾನೂ ಇದರಲ್ಲಿ ಪೆಟ್ಟು ತಿಂದವನೇ. ನಿನ್ನ ವಯಸ್ಸಿನಲ್ಲಿ ‘ಡ್ರೈ ವೈನ್’ ಅನ್ನು ‘ಒಣ ದ್ರಾಕ್ಷಾರಸ’ ಎಂದು ಬರೆದಿದ್ದೆ. ರಸ ಒಣಗಿದ ಮೇಲೆ ಕುಡಿಯುವುದು ಹೇಗೆ ಎಂದು ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು. ಅಲ್ಲಿ ‘ಡ್ರೈ’ ಎದುರಿಗಿರುವುದು ಒದ್ದೆಯಲ್ಲ, ಸಿಹಿ. ಅಂದಿನಿಂದ ಅನುಮಾನ ಬಂದ ಪದದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಅದರ ವಿರುದ್ಧ ಪದವನ್ನು ಬರೆದುಕೊಳ್ಳುತ್ತೇನೆ. ನಿಘಂಟು ತೆರೆಯುವುದು ಆಮೇಲೆ.

ಇದು ಇಂಗ್ಲಿಷಿನ ವಕ್ರತೆ ಎಂದುಕೊಳ್ಳಬೇಡ. ನಮ್ಮ ‘ಹಸಿ’ಯನ್ನೇ ನೋಡು. ಹಸಿ ಕಟ್ಟಿಗೆಯ ಎದುರು ಒಣ ಕಟ್ಟಿಗೆ, ಹಸಿ ತರಕಾರಿಯ ಎದುರು ಬೆಂದದ್ದು, ಹಸಿ ಗಾಯದ ಎದುರು ಮಾಯ್ದದ್ದು. ಹಸಿ ಸುಳ್ಳಿನ ಎದುರು ಏನಿದೆಯೋ ನನಗೆ ಇನ್ನೂ ಹೊಳೆದಿಲ್ಲ.

ಕೆಲವು ಪದಗಳಿಗಂತೂ ಎದುರಾಳಿಯೇ ಆಧಾರ. ‘ರಿಯಲ್’ ಎಂಬುದರ ಬಗ್ಗೆ ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ ಹೇಳಿದ್ದು ಇದನ್ನೇ. ನಿಜವಾದ ಬಾತುಕೋಳಿ ಎಂದಾಗ ಬಾತುಕೋಳಿಗೆ ಹೊಸ ಗುಣವೇನೂ ಸೇರುವುದಿಲ್ಲ. ಅದು ಆಟಿಕೆಯಲ್ಲ, ಚಿತ್ರವಲ್ಲ, ಬೇಟೆಗಾರ ನೀರಿಗೆ ಬಿಟ್ಟ ಗೊಂಬೆಯಲ್ಲ ಎಂದಷ್ಟೇ ಅರ್ಥ. ನೀನು ಮಾತ್ರ ಎಲ್ಲ ಕಡೆಯೂ ‘ನಿಜವಾದ’ ಎಂದು ಒಂದೇ ಮೊಹರು ಒತ್ತಿದ್ದೀಯ. ನಕಲಿ ರೇಷ್ಮೆಯ ಎದುರು ಅಸಲಿ ರೇಷ್ಮೆ ಎನ್ನು. ಕಾವ್ಯನಾಮದ ಎದುರು ಹುಟ್ಟುಹೆಸರು ಎನ್ನು.

ಎದುರಾಳಿ ಹುಟ್ಟುವವರೆಗೆ ಹೆಸರೇ ಬೇಕಿರದ ವಸ್ತುಗಳೂ ಇವೆ. ವಿದ್ಯುತ್ ಗಿಟಾರ್ ಬರುವ ಮುಂಚೆ ‘ಅಕೌಸ್ಟಿಕ್ ಗಿಟಾರ್’ ಎನ್ನುವ ಅಗತ್ಯ ಯಾರಿಗಿತ್ತು? ಅದು ಬರೀ ಗಿಟಾರ್. ಮಾತಾಡುವ ಚಿತ್ರ ಬಂದ ಮೇಲೆಯೇ ಹಳೆಯದು ಮೂಕಿಯಾಯಿತು. ಇಂಥ ಹೆಸರುಗಳಿಗೆ ‘ರೆಟ್ರೊನಿಮ್’ ಎಂಬ ಪದವನ್ನು ಟಂಕಿಸಿದವರು ಅಮೆರಿಕದ ಪತ್ರಕರ್ತ ಫ್ರಾಂಕ್ ಮ್ಯಾಂಕಿವಿಟ್ಸ್. 1980ರಲ್ಲಿ ವಿಲಿಯಂ ಸಫೈರ್ ತಮ್ಮ ‘ನ್ಯೂಯಾರ್ಕ್ ಟೈಮ್ಸ್’ ಅಂಕಣದಲ್ಲಿ ಅದಕ್ಕೆ ಪ್ರಚಾರ ಕೊಟ್ಟರು. ನಿನ್ನ ಕಥೆ ನಡೆಯುವುದು 1916ರಲ್ಲಿ. ಅಲ್ಲಿನ ಸೈನಿಕ ತಾನು ‘ಮೊದಲ ಮಹಾಯುದ್ಧ’ದಲ್ಲಿದ್ದೇನೆ ಎಂದು ತಾಯಿಗೆ ಪತ್ರ ಬರೆಯುತ್ತಾನೆ. ಎರಡನೆಯದು ಬರಲಿದೆ ಎಂದು ಅವನಿಗೆ ಹೇಳಿದವರು ಯಾರು? ಮೂಲದಲ್ಲಿ ಬರೀ ‘ವಾರ್’ ಎಂದಿದೆ. ‘ಮೊದಲ’ ನಿನ್ನ ಕೊಡುಗೆ.

ಹಾಗೆಂದು ಪದದ ಮುಂದಿನ ತುಂಡನ್ನು ಕತ್ತರಿಸಿದರೆ ವಿರುದ್ಧ ಪದ ಸಿಕ್ಕಿಬಿಡುತ್ತದೆ ಎಂದು ನಂಬಬೇಡ. ‘ಇನ್‌ಫ್ಲೇಮಬಲ್’ ಎಂದರೂ ಬೆಂಕಿ ಹತ್ತುವುದೇ, ‘ಫ್ಲೇಮಬಲ್’ ಎಂದರೂ ಅದೇ. ‘ಡಿಸ್‌ಗ್ರಂಟಲ್ಡ್’ ಎಂದರೆ ಅಸಮಾಧಾನಗೊಂಡವನು; ಅದರಲ್ಲಿರುವ ‘ಡಿಸ್’ ನಿಷೇಧವಲ್ಲ, ಗೊಣಗಾಟವನ್ನು ಇನ್ನಷ್ಟು ಜೋರು ಮಾಡುವುದು ಅದರ ಕೆಲಸ. ಇನ್ನು ‘ಇನ್‌ವ್ಯಾಲ್ಯುಬಲ್’ ಸಹಾಯವನ್ನು ನೀನು ‘ಬೆಲೆಯಿಲ್ಲದ ಸಹಾಯ’ ಮಾಡಿದ್ದೀಯ. ಪಾಪ, ಸಹಾಯ ಮಾಡಿದವಳು ಓದಿದರೆ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ನಮ್ಮ ‘ಅಮೂಲ್ಯ’ದಲ್ಲಿರುವ ‘ಅ’ ಏನು ಮಾಡುತ್ತಿದೆ ಎಂದು ಒಂದು ಕ್ಷಣ ನಿಂತು ನೋಡಿದ್ದರೆ ಸಾಕಿತ್ತು.

ಕೊನೆಗೆ ಹನ್ನೆರಡನೆಯ ಪುಟ. ‘ಓಲ್ಡ್ ಫ್ರೆಂಡ್’ ಅನ್ನು ಮುದಿ ಗೆಳೆಯ ಎಂದಿದ್ದೀಯ. ಅವನಿಗೆ ಇನ್ನೂ ಇಪ್ಪತ್ತೆರಡು, ಅದನ್ನು ಹಳೆಯ ಗೆಳೆಯ ಎಂದು ತಿದ್ದಿದ್ದೇನೆ. ಆದರೆ ಅದೇ ಪುಟದ ‘ಓಲ್ಡ್ ಟೀಚರ್’ ನನ್ನನ್ನೂ ತಡೆದು ನಿಲ್ಲಿಸಿದರು. ಅವರ ಎದುರಿಗಿರುವುದು ಎಳೆಯ ವಯಸ್ಸಿನ ಮೇಷ್ಟರೋ, ಈಗಿನ ಮೇಷ್ಟರೋ? ಮೊದಲನೆಯದಾದರೆ ವಯಸ್ಸಾದ ಮೇಷ್ಟರು, ಎರಡನೆಯದಾದರೆ ಹಿಂದಿನ ಮೇಷ್ಟರು. ನೀನು ಕಳಿಸಿದ ಪುಟಗಳಲ್ಲಿ ಸುಳಿವಿಲ್ಲ. ಮೂಲದ ಹಿಂದಿನ ಅಧ್ಯಾಯ ನಿನ್ನ ಬಳಿ ಇದೆಯಲ್ಲ, ಅವರ ಕೂದಲು ನರೆತಿದೆಯೇ ಎಂದು ನೋಡಿ ಬರೆ.

ನಿನ್ನ
ಅಣ್ಣ