ದೀಪ ಮಿಣುಕಿದರ ಗಾಡಿ ನಿಲ್ಲಿಸು, ಮಗಳ

ವಿಜಯಪುರ

ಮಗಳ,

ನಿನ್ನಿ ಫೋನಿನಾಗ ನೀ, "ಬ್ಯಾಟರಿ ವೈರ್ ಬಿಚ್ಚಿ ಹಚ್ಚಿದೆ, ಎಂಜಿನ್ ಲೈಟ್ ಹೋತು, ಸೋಮವಾರ ಬೆಳಗಾವಿಗೆ ಹೊಂಡತೀನಿ" ಅಂದಿ. ನನ್ನ ದನಿ ಏರಿತು. ಮನಸ್ಸಿಗೆ ಹಚ್ಕೋಬ್ಯಾಡ, ಅಂಜಿಕಿಗೆ ಹಂಗಾತು. ಹೊಸ ನೌಕರಿಗೆ ನಿನ್ನ ಗಾಡಿ ನೀನ ಹೊಡಕೊಂಡು ಹೊಂಟಿ ಅಂದ್ರ ನನಗ ಹೆಮ್ಮಿ ಐತಿ.

ಬ್ಯಾಟರಿ ಬಿಚ್ಚಿದರ ಕೋಡ್, ಅಂದ್ರ ಗಾಡಿಯ ಕಂಪ್ಯೂಟರ್ ಬರದಿಟ್ಟ ದೋಷದ ನಂಬರ್, ಅಳಿಸಿ ಹೋಗತೈತಿ, ದೋಷ ಇದ್ದಲ್ಲೇ ಇರತೈತಿ. ದೀಪ ಹತ್ತಿದಾಗ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಕಾದಿತ್ತು ಅನ್ನೂ ದಾಖಲೆನೂ ಅದರ ಜೋಡಿ ಹೋತು. ಮತ್ತ ಹತ್ತಿದರ ಅಳಿಸಬ್ಯಾಡ, ಮೊದಲ ಬರಕೊ. ನಿನ್ನ ಗಾಡಿ 2014ರದ್ದು, ತನ್ನ ದೋಷ ತಾನ ಹಿಡಿಯೂ ಓಬಿಡಿ-2 ವ್ಯವಸ್ಥಾ ಐತಿ. ಸ್ಟೇರಿಂಗ್ ಕೆಳಗ 16 ಪಿನ್ನಿನ ಸಾಕೆಟ್ ಸಿಗತೈತಿ. ಈ ಪತ್ರದ ಜೋಡಿ ಇಟ್ಟ ಬ್ಲೂಟೂತ್ ಸ್ಕ್ಯಾನರ್ ಅದಕ್ಕ ಹಚ್ಚಿ, ಚಾವಿ ಆನ್ ಮಾಡಿ, ಮೊಬೈಲಿನಾಗ ಓದು.

ಪಿ0135 ಬಂದರ ಆಕ್ಸಿಜನ್ ಸೆನ್ಸರಿನ (ಹೊಗಿಯೊಳಗಿನ ಆಮ್ಲಜನಕ ಅಳಿಯೂದು) ಹೀಟರ್ ಸರ್ಕ್ಯೂಟ್. ಗ್ಯಾರೇಜಿನವರು ಸೆನ್ಸರ್ ಬದಲಿಸೂಣು ಅಂತಾರ, ಒಮ್ಮಿಲೇ ಹೂಂ ಅನಬ್ಯಾಡ. ಫ್ಯೂಸ್ ನೋಡು. ವೈರ್ ನೋಡು, ನಿಮ್ಮ ಓಣ್ಯಾಗ ಇಲಿ ಬಾಳ. ಆಮ್ಯಾಲ ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡಿಂದ ಬರೂ ಒಂದೇ ಬಣ್ಣದ ಎರಡು ವೈರಿಗೆ ಮಲ್ಟಿಮೀಟರ್ ಹಿಡಿ. ಕೆಲವೇ ಓಮ್ ಬರಬೇಕು. ಏನೂ ತೋರಿಸಲಿಲ್ಲಂದ್ರ ಹೀಟರ್ ಸುಟ್ಟೈತಿ, ಆವಾಗ ಬದಲಿಸು. ಪಿ0171 ಬಂದರ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ. ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡೂ ಬಾಗಲಾ) ದಾಟಿದ ಮ್ಯಾಲ ಕೂಡೂ ಸಣ್ಣ ವ್ಯಾಕ್ಯೂಮ್ ಪೈಪುಗಳು ಬಿರಕು ಬಿಟ್ಟಾವೇನು, ಬೆರಳಾಡಿಸಿ ನೋಡು.

ಎಂಜಿನ್ನಿನ ಹಳದಿ ದೀಪ ಒಂದೇ ಸಮ ಹತ್ತಿ, ಗಾಡಿ ಸರಿ ಎಳೀತಿದ್ದರ ನಿಧಾನಕ ಊರು ಮುಟ್ಟಬಹುದು. ಮಿಣುಕಾಕ ಹತ್ತಿದರ ಮುಂದ ಹೋಗಬ್ಯಾಡ. ಒಂದು ಸಿಲಿಂಡರ್ ಹೊತ್ತಿಕೊಳ್ಳವಲ್ದು ಅಂತ ಅದರರ್ಥ. ಹೊತ್ತದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗಿ ಶುದ್ಧ ಮಾಡೂ ಕ್ಯಾಟಲಿಟಿಕ್ ಕನ್ವರ್ಟರಿನಾಗ ಉರೀತೈತಿ. ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ದಾರಿ ಮುಚ್ಚಿದರ ಗಾಡಿ ಎಳಿಯೂದು ಬಿಡತೈತಿ. ಲೋಕಾಪುರ ದಾಟಿ ಯರಗಟ್ಟಿ ಕಡೆ ಹೊಂಟಾಗ ಮಿಣುಕಿತು ಅನ್ನು: ಎಕ್ಸಿಲೇಟರ್ ಮ್ಯಾಲಿನ ಕಾಲು ತಗಿ, ಇಂಡಿಕೇಟರ್ ಹಾಕು, ಬರೇ ಮಣ್ಣಿದ್ದಲ್ಲಿ ನಿಲ್ಲಿಸು. ಕಬ್ಬಿನ ರವದಿ (ಒಣ ಎಲಿ) ಬಿದ್ದಲ್ಲಿ, ಒಣ ಹುಲ್ಲಿನ ಮ್ಯಾಲ ನಿಲ್ಲಿಸಬ್ಯಾಡ. ಗಾಡಿ ತಳದಾಗ ಕನ್ವರ್ಟರ್ ಕೆಂಡ ಆಗಿರತೈತಿ, ರವದಿಗೆ ಬೆಂಕಿ ಹತ್ತಾಕ ಅಷ್ಟು ಸಾಕು. ರಾತ್ರಿ ಇದ್ದರ, ಹಿಂದ ಕಬ್ಬಿನ ಟ್ರ್ಯಾಕ್ಟರ್ ಬರ್ತಿದ್ದರ, ಗಡಿಬಿಡಿಗೆ ಎಲ್ಲಿ ಬೇಕಲ್ಲಿ ಸರಿಸ್ತಿ, ಅದ ನನಗ ಚಿಂತಿ. ಮಿಣುಕೂದು ನಿಂತರೂ ರವದಿ ಮ್ಯಾಲ ಬ್ಯಾಡ. "ಇನ್ನ ಹತ್ತು ಕಿಲೋಮೀಟರ್ ಅಷ್ಟ" ಅಂತನೂ ಬ್ಯಾಡ.

ಪಿ0302 ಬಂದಿದ್ದರ ಎರಡನೇ ಸಿಲಿಂಡರ್. ಎಂಜಿನ್ ಪೂರಾ ತಣ್ಣಗಾದ ಮ್ಯಾಲ, ಪ್ಲಗ್ಗಿಗೆ ಕಿಡಿ ಕೊಡೂ ಕಾಯಿಲ್‌ಗಳೊಳಗ ಎರಡನೇದು ಮೂರನೇದಕ್ಕ, ಮೂರನೇದು ಎರಡನೇದಕ್ಕ ಹಾಕು. ಬರಕೊಂಡ ಕೋಡ್ ಅಳಿಸಿ, ಜಾಗಾದಾಗ ನಿಂತ ಚಾಲು ಮಾಡು. ಪಿ0303 ಬಂದರ ಕಾಯಿಲ್ ಹೋಗೈತಿ. ಪಿ0302ನೇ ಉಳಿದರ ಪ್ಲಗ್ ನೋಡು, ಅದೂ ಸರಿ ಇದ್ದರ ಪೆಟ್ರೋಲ್ ಸಿಡಿಸೂ ಇಂಜೆಕ್ಟರ್. ಪ್ಲಗ್ ಹಾಕುವಾಗ ಮೊದಲ ಕೈಲೇ ತಿರುವು. ಪ್ಲಗ್ ಕೂಡೂ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂದು, ಡೊಂಕು ಕುಂತು ಥ್ರೆಡ್ ಹೋತಂದ್ರ ಕಾಯಿಲ್‌ಗಿಂತ ದೊಡ್ಡ ಖರ್ಚು.

ಕೆಂಪು ಆಯಿಲ್ ದೀಪದ ಮಾತ ಬ್ಯಾರೆ: ಬದಿಗೆ ಸರಿಸಿ ಆ ಕ್ಷಣಾನ ಎಂಜಿನ್ ಬಂದ್ ಮಾಡು.

ಇದೆಲ್ಲಾ ನೀ ಮಾಡ್ತಿ, ನನಗ ಗೊತ್ತೈತಿ. ಬಾಗಲಕೋಟಿ ಬಿಡೂಕಿಂತ ಮುಂಚೆ ಗಾಡಿ ಊರಾಗ ಒಂದಿಷ್ಟು ಓಡಿಸು, ಕೋಡ್ ಬಂದರ ಫೋಟೋ ಹಾಕು. ನಾ ನೋಡಿ ಹೇಳಿದ ಮ್ಯಾಲ ಹೊಂಡು.

ನಿನ್ನ ಅವ್ವ